ಮುಂದಿನ ಹಂತಕ್ಕೆ ಎಷ್ಟು ಬೇಗ?

ಈ ಸಾಲಿನ ಅಭ್ಯಾಸ ಬೋಧನೆಯಲ್ಲಿ ಸುಲ್ತಾನ್‌ಪೇಟೆ ಸಮೀಪದ ಶಾಲೆಯೊಂದರ ಏಳನೇ ತರಗತಿಗೆ ಶೇಕಡಾ, ಲಾಭ-ನಷ್ಟ ಮತ್ತು ಬಡ್ಡಿಯ ಪಾಠ ಮಾಡಲು ನನಗೆ ಹನ್ನೆರಡು ಅವಧಿಗಳು ದೊರೆತವು. ಸುತ್ತಮುತ್ತ ಕಾಗದ, ನೋಟ್‌ಬುಕ್, ಮದುವೆ ಕಾರ್ಡುಗಳ ಸಗಟು ಅಂಗಡಿಗಳು. ಹಾಗಾಗಿ ಇಡೀ ಘಟಕವನ್ನು ಒಂದು ಪಾತ್ರಾಭಿನಯದ ಆಟವಾಗಿ ಯೋಜಿಸಿದೆ. ನಾಲ್ಕೈದು ಮಕ್ಕಳ ಪ್ರತಿ ಗುಂಪೂ ಒಂದು ಅಂಗಡಿ. ಪ್ರತಿ ಮಗುವಿನ ಕೈಯಲ್ಲಿ ತನ್ನ ಪಾತ್ರದ ಹೆಸರು, ಹಂತ, ಲೆಕ್ಕ ಬರೆದುಕೊಳ್ಳಲು ಒಂದು ಹಾಳೆ. ದಾಳ ಹಾಕಿದಾಗ ಬಿದ್ದ ಸಂಖ್ಯೆಗೆ ತಕ್ಕ ಗಿರಾಕಿ ಚೀಟಿ ಬರುತ್ತದೆ.

ಹಂತಗಳು ನಾಲ್ಕು. ಸಹಾಯಕ ಸರಕು ಎಣಿಸಿ ಬಿಲ್ಲು ಬರೆಯುತ್ತಾನೆ. ರೀಮಿಗೆ 500 ಹಾಳೆ ಎಂಬುದು ಅವನಿಗೆ ಗೊತ್ತಿರಬೇಕು. ಗುಮಾಸ್ತ ರಿಯಾಯಿತಿ ಲೆಕ್ಕ ಹಾಕುತ್ತಾನೆ. ವ್ಯಾಪಾರಿ ಮಾರಾಟ ಬೆಲೆ ನಿಗದಿ ಮಾಡುತ್ತಾನೆ. ಸಗಟು ವ್ಯಾಪಾರಿ ಬಡ್ಡಿಯ ಮೇಲೆ ಸಾಲ ಕೊಡುತ್ತಾನೆ. ಇಷ್ಟನ್ನು ಬರೆಯುವುದು ಸುಲಭವಾಯಿತು. ಯಾರನ್ನು ಯಾವಾಗ ಮೇಲಿನ ಹಂತಕ್ಕೆ ಏರಿಸಬೇಕು ಎಂಬುದೇ ಕಷ್ಟದ ಪ್ರಶ್ನೆ.

ಮೇಜಿನ ಸುತ್ತ ಕುಳಿತು ಆಡುವ ಇಂಥ ಆಟಗಳಲ್ಲಿ ಇದು ಹಳೆಯ ಪ್ರಶ್ನೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದಲ್ಲಿ ಪಾತ್ರಗಳು ಅನುಭವದ ಅಂಕ ಗಳಿಸಿ ಮೇಲೇರುತ್ತವೆ. ಅದರ 2014ರ ಆವೃತ್ತಿಯಲ್ಲಿ ಎರಡನೇ ಹಂತಕ್ಕೆ 300 ಅಂಕ ಸಾಕು. ಮೂರಕ್ಕೆ ಒಟ್ಟು 900, ನಾಲ್ಕಕ್ಕೆ 2,700, ಐದಕ್ಕೆ 6,500. ಆರಂಭದಲ್ಲಿ ಬೇಗ, ಆಮೇಲೆ ನಿಧಾನ. ಹೊಸ ಆಟಗಾರನಿಗೆ ಏರುವುದೆಂದರೇನು ಎಂಬುದು ಬೇಗ ತಿಳಿಯಬೇಕು. ಮುಂದೆ, ಸಿಕ್ಕ ಶಕ್ತಿಯನ್ನು ಬಳಸಿ ನೋಡಲು ಕಾಲ ಬೇಕು. ಅಂಕ ಎಣಿಸದೆ, ಕಥೆಯಲ್ಲಿ ಒಂದು ಮೈಲಿಗಲ್ಲು ತಲುಪಿದಾಗ ಏರಿಸುವ ಕ್ರಮವೂ ಅಲ್ಲಿದೆ.

ಮೈಲಿಗಲ್ಲು ಎಂಬ ಮಾತು ನಮಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ ಆರಂಭವಾದ ನಲಿಕಲಿಯ ಕಲಿಕಾ ಏಣಿಯೂ ಮೈಲಿಗಲ್ಲುಗಳದ್ದೇ. ಮಗು ಒಂದನ್ನು ಮುಗಿಸಿ ತನ್ನ ವೇಗದಲ್ಲಿ ಮುಂದಿನದಕ್ಕೆ ಹೋಗುತ್ತದೆ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಮೆಟ್ಟಿಲಲ್ಲಿರುವ ಮಕ್ಕಳು ಬೇರೆ ಬೇರೆ ತಟ್ಟೆಗಳಲ್ಲಿ ಕೂರುತ್ತಾರೆ. ಕೆಲವರಿಗೆ ಶಿಕ್ಷಕರ ನೆರವು, ಕೆಲವರಿಗೆ ಸಹಪಾಠಿಗಳ ನೆರವು, ಕೆಲವರದು ಸ್ವಕಲಿಕೆ.

ಇವೆರಡನ್ನೂ ಜೋಡಿಸಿಕೊಂಡೆ. ಎರಡನೇ ಅವಧಿ ಮುಗಿಯುವುದರೊಳಗೆ ಎಲ್ಲರೂ ಗುಮಾಸ್ತರಾದರು. ಅಲ್ಲಿಂದ ಮುಂದೆ ಏರಬೇಕಾದರೆ ಮೂರು ಬಗೆಯ ಗಿರಾಕಿಗಳ ಲೆಕ್ಕ ಸರಿಯಾಗಿ ಮಾಡಬೇಕು, ಅದರಲ್ಲಿ ಒಂದನ್ನು ಇನ್ನೊಬ್ಬರಿಗೆ ವಿವರಿಸಬೇಕು. ನಾಲ್ಕನೇ ಅವಧಿಗೇ ಇಬ್ಬರು ವ್ಯಾಪಾರಿಗಳಾದರು. ಉಳಿದವರ ಆಟಕ್ಕೆ ಇದರಿಂದ ತೊಂದರೆಯಾಗಲಿಲ್ಲ. ವ್ಯಾಪಾರಿ ಬೆಲೆ ಕಟ್ಟಿದರೂ ರಿಯಾಯಿತಿ ಕಳೆದು ಬಿಲ್ಲು ಮಾಡಲು ಗುಮಾಸ್ತ ಬೇಕೇ ಬೇಕು.

ಆರನೇ ಅವಧಿಯಲ್ಲಿ ಒಬ್ಬ ಹುಡುಗಿ ಅರ್ಹತೆ ಪಡೆದಳು. ಆದರೆ, "ಮಿಸ್, ನಾನು ಇನ್ನೂ ಗುಮಾಸ್ತಳಾಗೇ ಇರ್ತೀನಿ" ಎಂದಳು. ಅವಳ ಗಿರಾಕಿ ಇಪ್ಪತ್ತು ರೂಪಾಯಿಯ ನೂರು ಕಾರ್ಡು ಕೊಂಡು, ಮೊದಲು ಶೇ. 10, ಆಮೇಲೆ ಚೌಕಾಸಿ ಮಾಡಿ ಉಳಿದ ಮೊತ್ತದ ಮೇಲೆ ಶೇ. 5 ರಿಯಾಯಿತಿ ಪಡೆದಿದ್ದ. ಒಟ್ಟು ಶೇ. 15 ಎಂದು ಗುಂಪಿನವರು 1,700 ರೂಪಾಯಿ ಎಂದರು. ಅವಳಿಗೆ 1,710 ಬಂದಿತ್ತು. ಆ ಹತ್ತು ರೂಪಾಯಿ ಎಲ್ಲಿಂದ ಬಂತು ಎಂದು ಅವಳಿಗೆ ನೋಡಬೇಕಿತ್ತು. ಇನ್ನೆರಡು ಅವಧಿ ಅವಳು ಬೇರೆ ಬೇರೆ ರಿಯಾಯಿತಿಗಳನ್ನು ಜೋಡಿಸಿ ನೋಡಿ, ಎರಡನೇ ಸಲ ಕಳೆಯುವುದು ಆಗಲೇ ಕಡಿಮೆಯಾದ ಮೊತ್ತದಿಂದ ಎಂದು ತಾನೇ ಕಂಡುಕೊಂಡಳು. ಗುಂಪಿಗೂ ಹೇಳಿಕೊಟ್ಟಳು.

ಅಂದು ಪಾಠ ವೀಕ್ಷಿಸಿದ ಮಾರ್ಗದರ್ಶಕರು, "ಹೀಗಾದರೆ ಹನ್ನೆರಡು ಅವಧಿಯಲ್ಲಿ ಘಟಕ ಮುಗಿಯುತ್ತದೆಯೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಮಗೆ ಅಂಕ ಬರುವುದೂ ಅದರ ಮೇಲೆಯೇ. ಕೊನೆಯ ಅವಧಿಗೆ ನಾಲ್ಕನೇ ಹಂತ ತಲುಪಿದವರು ಕೆಲವರೇ. ಉಳಿದವರಿಗೆ ಬಡ್ಡಿಯ ಲೆಕ್ಕವನ್ನು ತರಗತಿ ಶಿಕ್ಷಕರು ಮುಂದುವರಿಸಬೇಕಾಯಿತು. ಆ ವೆಚ್ಚ ಸಣ್ಣದೆಂದು ನಾನು ಹೇಳಲಾರೆ. ಆದರೂ ಹತ್ತು ರೂಪಾಯಿಯ ಹಿಂದೆ ಬಿದ್ದ ಮಗುವನ್ನು ನನ್ನ ದಿನಾಂಕಕ್ಕಾಗಿ ವ್ಯಾಪಾರಿ ಮಾಡಿದ್ದರೆ, ಅವಳ ಹಾಳೆಯ ಮೇಲೆ ಒಂದು ಅಂಕಿ ಬದಲಾಗುತ್ತಿತ್ತು, ಅಷ್ಟೇ.

ಮುಂದಿನ ಸಾಲಿನಲ್ಲಿ ಇಂಥ ಆಟ ಯೋಜಿಸುವ ಗೆಳೆಯರಿಗೆ ನನ್ನ ಸಲಹೆ ಮೂರು. ಮೊದಲ ಏರಿಕೆ ಎರಡು ಅವಧಿಯೊಳಗೆ ಎಲ್ಲರಿಗೂ ಸಿಗಲಿ. ಆಮೇಲಿನ ಪ್ರತಿ ಹಂತವೂ ಬರೀ ಬಿರುದಾಗದೆ ಹೊಸ ಬಗೆಯ ಕೆಲಸ ಕೊಡಲಿ. ಪಾಠಯೋಜನೆಯಲ್ಲಿ "ಐದನೇ ಅವಧಿ: ಮೂರನೇ ಹಂತ" ಎಂದು ಬರೆಯುವ ಬದಲು, ಮಗು ಏನು ಮಾಡಿ ತೋರಿಸಿದರೆ ಮೂರನೇ ಹಂತ ಎಂದು ಬರೆಯಿರಿ. ಅದನ್ನು ಮಕ್ಕಳಿಗೂ ಮೊದಲ ದಿನವೇ ಓದಿ ಹೇಳಿ.