ಹಾಲಿನೂರಲ್ಲಿ ಹಾಲು ಬಿಟ್ಟ ಬಾಣಂತಿ

ತುಂಬಾ ದಿನ ಆಯ್ತು ಏನೂ ಬರೆದು. ಕಾರಣ ಹೇಳ್ತೀನಿ, ಸ್ವಲ್ಪ ಉದ್ದ ಇದೆ. ಊಟ ಮಾಡ್ತಾ ಓದೋ ಅಭ್ಯಾಸ ಇರೋರು ಊಟ ಮುಗಿಸ್ಕೊಂಡು ಬನ್ನಿ, ಯಾಕಂದ್ರೆ ಇದರಲ್ಲಿ ಮಗುವಿನ ಕಕ್ಕದ ವಿಷಯ ಧಾರಾಳವಾಗಿ ಬರುತ್ತೆ :)

ನನ್ನ ತವರು ತೊಂಡೇಬಾವಿ. ಬೆಂಗಳೂರಿಂದ ಹಿಂದೂಪುರದ ಕಡೆ ಹೋಗೋ ರೈಲಲ್ಲಿ ದೊಡ್ಡಬಳ್ಳಾಪುರ, ಮಾಕಳಿದುರ್ಗ ದಾಟಿದ ಮೇಲೆ, ಗೌರಿಬಿದನೂರಿಗೆ ಮುಂಚೆ ಸಿಗುತ್ತೆ. ರೈಲಿನವರಿಗೆ ಸ್ಟೇಷನ್ನಿಂದ ಗೊತ್ತು, ಮಿಕ್ಕವರಿಗೆ ಸಿಮೆಂಟ್ ಕಾರ್ಖಾನೆಯಿಂದ ಗೊತ್ತು. ನಮಗೆ ಮಾತ್ರ ಊರು ಅಂದ್ರೆ ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕೋದು. ಹಿಂದೆ ಕೋಲಾರ ಜಿಲ್ಲೇನ ಹಾಲು, ರೇಷ್ಮೆ, ಚಿನ್ನದ ನಾಡು ಅಂತಿದ್ರು. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದಾಗ ಚಿನ್ನ ಅವರ ಪಾಲಿಗೆ ಹೋಯ್ತು, ಹಾಲು ರೇಷ್ಮೆ ನಮಗೂ ಉಳೀತು. ಅಪ್ಪನ ಕೊಟ್ಟಿಗೇಲಿ ಎರಡು ಸೀಮೆಹಸು ಇವೆ. ಇಂಥ ಮನೇಲಿ ನಾನು ಹತ್ತಿರ ಹತ್ತಿರ ಹತ್ತು ತಿಂಗಳು ಹಾಲು, ಮೊಸರು, ಮಜ್ಜಿಗೆ, ತುಪ್ಪ ಯಾವುದನ್ನೂ ಮುಟ್ಟದೆ ಇದ್ದೆ ಅಂದ್ರೆ ನಂಬಬೇಕು ನೀವು.

ಮಗಳು ಹುಟ್ಟಿದ್ದು ೨೦೨೨ರ ಅಕ್ಟೋಬರಲ್ಲಿ. ಬಾಣಂತನಕ್ಕೆ ಅಂತ ತೊಂಡೇಬಾವಿಗೆ ಬಂದ ದಿನವೇ ಅಜ್ಜಿ ಪಟ್ಟಿ ಓದಿದ್ರು. ಬದನೆಕಾಯಿ ನಂಜು. ಆಲೂಗಡ್ಡೆ ವಾಯು. ಎಲೆಕೋಸು ವಾಯು. ಕಡಲೆಬೇಳೆ, ಅವರೆಕಾಳು ಕೇಳಲೇ ಬೇಡ. ಬಾಳೆಹಣ್ಣು ಶೀತ. ಹಾಗಾದ್ರೆ ಏನು ತಿನ್ನೋದು? ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಒಣಕೊಬ್ಬರಿ, ಅಂಟಿನುಂಡೆ. ಅನ್ನದ ಮೇಲೆ ಕೈ ತುಂಬಾ ತುಪ್ಪ. ಹೊತ್ತಿಗೊಂದು ದೊಡ್ಡ ಲೋಟ ಹಾಲು. ಬಾಣಂತಿ ಊಟ ಅನ್ನೋದೇ ಒಂದು ಪಥ್ಯ, ಅದನ್ನ ಯಾರೂ ನಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ನಮ್ಮ ಹೆಂಗಸರು ತಲೆತಲಾಂತರದಿಂದ ಮಾಡ್ಕೊಂಡು ಬಂದಿರೋದೇ.

ಏಳನೇ ವಾರ ಮಗುವಿನ ಬಿಳಿ ಬಟ್ಟೆ ಮೇಲೆ ಲೋಳೆ ಕಾಣಿಸ್ತು. ಮಾರನೇ ದಿನ ಆ ಲೋಳೆಯೊಳಗೆ ಕೆಂಪು ದಾರದ ಎಳೆ ಥರ ರಕ್ತ. ಅಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ವಿಚಿತ್ರ ಅಂದ್ರೆ ಮಗು ಚೆನ್ನಾಗೇ ಇತ್ತು. ಹಾಲು ಕುಡೀತಿತ್ತು, ನಗ್ತಿತ್ತು, ತೂಕ ಏರ್ತಿತ್ತು. ಸಂಜೆ ಹೊತ್ತು ಒಂದಿಷ್ಟು ಅಳ್ತಿತ್ತು, ಅಷ್ಟೆ. ಆರು ವಾರದ ಆಸುಪಾಸಲ್ಲಿ ಎಲ್ಲಾ ಮಕ್ಕಳೂ ಜಾಸ್ತಿ ಅಳ್ತವೆ, ಮೂರ್ನಾಲ್ಕು ತಿಂಗಳಿಗೆ ತಾನೇ ಕಡಿಮೆ ಆಗುತ್ತೆ.

ಮೊದಲು ತೋರಿಸಿದ ಕಡೆ ಎರಡು ನಿಮಿಷಕ್ಕೆ ತೀರ್ಮಾನ ಆಗೋಯ್ತು. "ನಿಮ್ಮ ಹಾಲು ಮಗುವಿಗೆ ಆಗ್ತಿಲ್ಲ, ಎದೆಹಾಲು ನಿಲ್ಸಿ, ಲ್ಯಾಕ್ಟೋಸ್ ಇಲ್ಲದ ಡಬ್ಬಿ ಹಾಲು ಕೊಡಿ" ಅಂತ ಚೀಟಿ ಬರೆದುಕೊಟ್ರು. ಮನೆಗೆ ಬಂದ ಮೇಲೆ ನೆಂಟರದ್ದೂ ಅದೇ ರಾಗ. ಒಬ್ಬರು ಹಾಲು ನಂಜಾಗಿದೆ ಅಂದ್ರು, ಇನ್ನೊಬ್ಬರು ದೃಷ್ಟಿ ಅಂದ್ರು, ಮತ್ತೊಬ್ಬರು ಬಜೆ ತೇದು ನೆಕ್ಕಿಸಿ ಅಂದ್ರು. ಅಜ್ಜಿ ಪಟ್ಟಿಗೆ ಇನ್ನೂ ನಾಲ್ಕು ತರಕಾರಿ ಸೇರಿಸಿದ್ರು. ಚೀಟಿ ಮಾತ್ರ ನನ್ನ ದಿಂಬಿನ ಕೆಳಗೇ ಇತ್ತು. ಎದೆ ತುಂಬಿ ಸೆರಗೆಲ್ಲಾ ನೆನೆದುಹೋಗೋವಷ್ಟು ಹಾಲಿದೆ, ಅದನ್ನ ಹಿಂಡಿ ಚೆಲ್ಲಿ ಡಬ್ಬಿ ತೆಗೀಬೇಕಾ ಅನ್ನೋದೇ ಆ ಎರಡು ರಾತ್ರಿ ತಲೇಲಿ ಓಡ್ತಿದ್ದದ್ದು.

ಮೂರನೇ ದಿನ ಇವರು ಬಂದು ಯಲಹಂಕದಲ್ಲಿ ಒಬ್ಬರು ಮಕ್ಕಳ ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ಅವರು ನಿಧಾನವಾಗಿ ನೋಡಿದ್ರು. ಹಿಂಭಾಗದಲ್ಲಿ ಚರ್ಮ ಬಿರಿದಿದೆಯಾ, ಜ್ವರ ಇದೆಯಾ, ಹೊಟ್ಟೆ ಉಬ್ಬಿದೆಯಾ, ತೂಕ ಎಷ್ಟು ಅಂತ ಎಲ್ಲಾ ನೋಡಿ, ಸೋಂಕೂ ಅಲ್ಲ ಅಂತ ಖಾತ್ರಿ ಮಾಡ್ಕೊಂಡು ಆಮೇಲೆ ಕೇಳಿದ್ರು, "ನೀವು ದಿನಕ್ಕೆ ಎಷ್ಟು ಹಾಲು ಕುಡೀತೀರಮ್ಮ?" ಉತ್ತರ ಕೊಟ್ಟೆ. ಅವರು ನಕ್ಕುಬಿಟ್ರು.

ಅವರು ಹೇಳಿದ್ದು ಇಷ್ಟು. ನಾವು ಕುಡಿದ ಹಸುವಿನ ಹಾಲಿನ ಪ್ರೋಟೀನ್ ಪೂರ್ತಿ ಜೀರ್ಣ ಆಗದೆ ಅದರಲ್ಲಿ ಚೂರುಪಾರು ರಕ್ತಕ್ಕೆ ಸೇರಿ ಎದೆಹಾಲಿಗೂ ಬರುತ್ತೆ. ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಅಂತ ಒಂದಿದೆ, ಅದನ್ನ ಮನುಷ್ಯರ ದೇಹ ತಯಾರಿಸೋದೇ ಇಲ್ಲ. ಎದೆಹಾಲಲ್ಲಿ ಸಿಕ್ಕಿದ್ರೆ ಅದು ಹಸುವಿಂದ ಬಂದದ್ದೇ. ಮುಕ್ಕಾಲುಪಾಲು ಮಕ್ಕಳಿಗೆ ಇದರಿಂದ ಏನೂ ಆಗಲ್ಲ. ಕೆಲವರ ಕರುಳಿನ ಕೊನೆ ಭಾಗ ಮಾತ್ರ ಕೆರಳಿ ಲೋಳೆ, ರಕ್ತ ಬರುತ್ತೆ. ಬರೀ ಎದೆಹಾಲು ಕುಡಿಯೋ ಮಕ್ಕಳಲ್ಲಿ ಸುಮಾರು ಇನ್ನೂರಕ್ಕೆ ಒಂದಕ್ಕೆ ಹೀಗೆ ಹಾಲಿನ ಅಲರ್ಜಿ ಇರಬಹುದು ಅಂತ ಯುರೋಪಿನ ಮಕ್ಕಳ ಜಠರರೋಗ ತಜ್ಞರ ೨೦೧೨ರ ಮಾರ್ಗಸೂಚಿ ಹೇಳುತ್ತೆ. ಈ ಬಗೆಗೆ ರಕ್ತ ಪರೀಕ್ಷೆ, ಚರ್ಮದ ಪರೀಕ್ಷೆ ಏನೂ ಹೇಳಲ್ಲ. ಬಿಟ್ಟು ನೋಡೋದು, ಮತ್ತೆ ತಿಂದು ನೋಡೋದು, ಇದೇ ಪರೀಕ್ಷೆ.

ಇದನ್ನ ಮನೇಲಿ ಅರ್ಥ ಮಾಡ್ಸೋದು ಹೇಗೆ ಅಂತ ನನಗೆ ಯೋಚನೆ. ಆದ್ರೆ ಅಪ್ಪ ಎಲ್ಲರಿಗಿಂತ ಮೊದಲು ಹಿಡ್ಕೊಂಡ್ರು. ಅವರ ಜೇಬಲ್ಲಿ ಡೈರಿ ಚೀಟಿ ಇತ್ತು. ಫ್ಯಾಟ್ ೩.೮, ಎಸ್‌ಎನ್‌ಎಫ್ ೮.೫. ಫ್ಯಾಟ್ ಅಂದ್ರೆ ಬೆಣ್ಣೆ ಅಂಶ. ಅದನ್ನ ಬಿಟ್ಟು ಉಳಿದ ಗಟ್ಟಿಯೆಲ್ಲಾ ಎಸ್‌ಎನ್‌ಎಫ್. ಆ ಎಂಟೂವರೆಯಲ್ಲಿ ಮೂರು ಚಿಲ್ಲರೆ ಪ್ರೋಟೀನ್, ನಾಲ್ಕೂವರೆ ಚಿಲ್ಲರೆ ಲ್ಯಾಕ್ಟೋಸ್ ಅನ್ನೋ ಸಕ್ಕರೆ, ಮಿಕ್ಕಿದ್ದು ಉಪ್ಪಿನಂಶ. "ಹಂಗಾದ್ರೆ ತೊಂದ್ರೆ ಇರೋದು ಫ್ಯಾಟಲ್ಲಲ್ಲ, ಎಸ್ಸೆನ್ನೆಫ್ಫಲ್ಲಿ ಅನ್ನು" ಅಂದ್ರು ಅಪ್ಪ. ಇಡೀ ವಿಷಯ ಒಂದು ಮಾತಲ್ಲಿ!

ಆ ಚೀಟಿ ಹಿಡ್ಕೊಂಡೇ ಮಿಕ್ಕ ಪ್ರಶ್ನೆಗಳಿಗೂ ಉತ್ತರ ಸಿಕ್ತು. ಲ್ಯಾಕ್ಟೋಸ್ ಇಲ್ಲದ ಡಬ್ಬಿ ಹಾಲು ಯಾಕೆ ಬೇಡ? ಅದರಲ್ಲಿ ತೆಗೆದಿರೋದು ಸಕ್ಕರೆ, ಹಸುವಿನ ಪ್ರೋಟೀನ್ ಹಾಗೇ ಇರುತ್ತೆ. ಅಷ್ಟಕ್ಕೂ ಲ್ಯಾಕ್ಟೋಸ್ ಹಸುವಿನ ಹಾಲಿಗಿಂತ ತಾಯಿ ಹಾಲಲ್ಲೇ ಜಾಸ್ತಿ, ಶೇಕಡಾ ೭ರಷ್ಟು. ತಾಯಿ ಏನು ತಿಂದ್ರೂ ಬಿಟ್ರೂ ಅದು ಬದಲಾಗಲ್ಲ. ಎದೆಹಾಲು ನಿಲ್ಲಿಸಿ ಆ ಡಬ್ಬಿ ಕೊಟ್ಟಿದ್ರೆ, ಚೂರುಪಾರು ಬರ್ತಿದ್ದ ಪ್ರೋಟೀನನ್ನ ಚಮಚದಲ್ಲಿ ತುಂಬಿ ಕೊಟ್ಟಂಗೆ ಆಗ್ತಿತ್ತು. ಎಮ್ಮೆ ಹಾಲು, ಮೇಕೆ ಹಾಲಿನ ಪ್ರೋಟೀನೂ ಹಸುವಿನದ್ದನ್ನೇ ಹೋಲುತ್ತೆ, ಹಾಗಾಗಿ ಅವೂ ಬೇಡ. ಚೀಟಿ ದಿಂಬಿನ ಕೆಳಗಿಂದ ಒಲೆಗೆ ಹೋಯ್ತು.

ಅಜ್ಜಿಗೆ ಮಾತ್ರ ಸಂಕಟ. "ಬಾಣ್ತಿ ಹಾಲು ತುಪ್ಪ ತಿನ್ದೆ ಇದ್ರೆ ಮಗೀಗೆ ಹಾಲೆಲ್ಲಿಂದ ಬರ್ತೈತೆ?" ಅಂದ್ರು. ಅಪ್ಪ, "ಹಸು ಏನು ಹಾಲು ಕುಡ್ದು ಹಾಲು ಕೊಡ್ತೈತೇನವ್ವ, ಹುಲ್ಲು ತಿಂದು ತಾನೆ ಕೊಡೋದು" ಅಂದ್ರು. ಅಜ್ಜಿ ಸುಮ್ಮನಾದ್ರು. ಅರ್ಧ ಗಂಟೆ ಬಿಟ್ಟು ಮತ್ತೆ ಬಂದ್ರು, "ಅದ್ಸರಿ, ತೊಂದ್ರೆ ಫ್ಯಾಟಲ್ಲಿಲ್ಲ ಅಂದ್ಮೇಲೆ ತುಪ್ಪ ತಿನ್ಬೋದಲ್ಲ?" ನೋಡಿ, ಎಷ್ಟು ಚುರುಕು! ಡಾಕ್ಟರನ್ನ ಫೋನಲ್ಲಿ ಕೇಳಿದೆ. ಮನೇಲಿ ಕಾಯಿಸಿದ ತುಪ್ಪದಲ್ಲಿ ಅಲ್ಪಸ್ವಲ್ಪ ಪ್ರೋಟೀನ್ ಉಳಿದೇ ಇರುತ್ತೆ, ಪರೀಕ್ಷೆ ನಡೆಯೋ ನಾಲ್ಕು ವಾರ ಅದೂ ಬೇಡ ಅಂದ್ರು. ಅವತ್ತಿಂದ ಕಡಲೆಕಾಯಿ ಎಣ್ಣೆ.

ಅದೇ ಫೋನಲ್ಲಿ ಅಜ್ಜಿಯ ಪಟ್ಟಿಯನ್ನೂ ಓದಿದೆ. ಡಾಕ್ಟರು ಒಂದೊಂದಾಗಿ ಎಲ್ಲಾ ಹೊಡೆದುಹಾಕಿದ್ರು. ಕಾಳು, ಎಲೆಕೋಸು ತಿಂದ್ರೆ ಗ್ಯಾಸ್ ಆಗೋದು ಅದರ ನಾರು ನಮ್ಮ ಕರುಳಲ್ಲಿ ಹುಳಿಯೋದ್ರಿಂದ. ಆ ನಾರೂ ಗ್ಯಾಸೂ ಎದೆಹಾಲಿಗೆ ಬರಲ್ಲ. "ಹಾಲೊಂದು ಬಿಡಿ, ಮಿಕ್ಕಿದ್ದೆಲ್ಲಾ ತಿನ್ನಿ. ಹತ್ತು ಬಿಟ್ರೆ ಯಾವುದರಿಂದ ವಾಸಿ ಆಯ್ತು ಅಂತ ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ" ಅಂದ್ರು. ಈ ಮಾತು ನನಗೆ ತುಂಬಾ ಹಿಡಿಸ್ತು. ನಮ್ಮ ಚಿಕ್ಕಮ್ಮನ ಮಗಳೊಬ್ಬಳು ಹೀಗೇ ಒಂದೊಂದೇ ಬಿಡ್ತಾ ಬಿಡ್ತಾ ಕೊನೆಗೆ ಅನ್ನ, ಸೌತೆಕಾಯಿ, ಮೆಣಸಿನ ಸಾರಿಗೆ ಬಂದು ನಿಂತಿದ್ಲು. ಬಿಟ್ಟ ಒಂದನ್ನೂ ಯಾರೂ ವಾಪಸ್ ಕೊಡಿಸ್ಲಿಲ್ಲ. ಮಗು ಅಳೋದೂ ನಿಲ್ಲಲಿಲ್ಲ, ಇವಳು ಕಡ್ಡಿ ಆದ್ಲು.

ಆಗ ಡಿಸೆಂಬರ್. ಡಿಸೆಂಬರಲ್ಲಿ ನಮ್ಮ ಕಡೆ ಏನು ಅಂತ ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ. ಅವರೆಕಾಯಿ! ಸೊಗಡಿನ ಅವರೆಕಾಯಿ ವಾಸನೆ ಬೀದಿಗೆಲ್ಲಾ ಹರಡಿರುತ್ತೆ. ಬಾಣಂತಿ ಹಿತಕಿದ ಬೇಳೆ ಸಾರು, ಮುದ್ದೆ ಉಂಡದ್ದನ್ನ ನೋಡಿ ಪಕ್ಕದ ಮನೆಯವರು ಬಾಯಿ ಮೇಲೆ ಬೆರಳಿಟ್ಕೊಂಡ್ರು. ಮಗುವಿಗೆ ಏನೂ ಆಗ್ಲಿಲ್ಲ. ಬದನೆಕಾಯಿ ಎಣ್ಣೆಗಾಯಿ ತಿಂದೆ, ಏನೂ ಆಗ್ಲಿಲ್ಲ. ಅಮ್ಮ ನಾಟಿಕೋಳಿ ಸಾರು ಮಾಡಿದ್ರು, ಮೊಟ್ಟೆ ಬೇಯಿಸಿ ಕೊಟ್ರು.

ಹಾಲು ಬಿಟ್ರೆ ಸುಣ್ಣದ ಅಂಶ ಎಲ್ಲಿಂದ ಅನ್ನೋದು ನಿಜವಾದ ಪ್ರಶ್ನೆ. ಹಾಲೂಡಿಸೋ ತಾಯಿಗೆ ದಿನಕ್ಕೆ ೧೨೦೦ ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ೨೦೨೦ರಲ್ಲಿ ಐಸಿಎಂಆರ್ ಹೇಳಿದೆ. ನಮ್ಮ ಪುಣ್ಯಕ್ಕೆ ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಇದೆ. ಎಳ್ಳಲ್ಲಿ ನೂರು ಗ್ರಾಮಿಗೆ ಸಾವಿರಕ್ಕೂ ಮೇಲೆ. ನುಗ್ಗೆ ಸೊಪ್ಪಲ್ಲೂ ಚೆನ್ನಾಗಿದೆ. ಜೊತೆಗೆ ಡಾಕ್ಟರು ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆ ಬರೆದಿದ್ರು, ಅದನ್ನ ತಪ್ಪಿಸಲಿಲ್ಲ. ಎರಡು ಹೊತ್ತು ಮುದ್ದೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಬೇಕಾದಷ್ಟು. ಪೊಂಗಲ್ ಮಾತ್ರ ತುಪ್ಪ ಇಲ್ಲದೆ ಬಡಬಡ ಅನ್ನಿಸ್ತಿತ್ತು.

ಕಷ್ಟ ಆಗಿದ್ದು ಕಾಣದ ಹಾಲು. ಬಿಸ್ಕತ್ತು, ಬೇಕರಿ ಬನ್ನು, ಚಾಕೊಲೇಟು, ಬಾಣಂತಿ ನೋಡೋಕೆ ಬರೋರು ತರೋ ಮಾಲ್ಟ್ ಪುಡಿ, ಮೈಸೂರುಪಾಕು. ಪೊಟ್ಟಣದ ಮೇಲೆ ಹಾಲು ಇದೆ ಅಂತ ಬರೆದಿರ್ತಾರೆ, ೨೦೨೦ರ ಲೇಬಲ್ ನಿಯಮದಲ್ಲಿ ಅದು ಕಡ್ಡಾಯ. ಆದ್ರೆ ಮಜ್ಜಿಗೆ ಮೆಣಸಿನಕಾಯಿಗೆ ಲೇಬಲ್ ಎಲ್ಲಿ? ಅಜ್ಜಿ ಪ್ರೀತಿಯಿಂದ ಕರಿದು ತಂದಿಟ್ಟಿದ್ರು. ಕೈ ಹಾಕಿದವಳು ಹೆಸರು ನೆನಪಾಗಿ ವಾಪಸ್ ಇಟ್ಟೆ.

ಹಾಲು ಬಿಟ್ಟ ಮೂರ್ನಾಲ್ಕು ದಿನಕ್ಕೆ ಕೆಂಪು ಎಳೆ ಕಡಿಮೆ ಆಯ್ತು, ಹತ್ತು ದಿನಕ್ಕೆ ನಿಂತೇಹೋಯ್ತು. ಲೋಳೆ ಹೋಗೋಕೆ ಇನ್ನೊಂದು ವಾರ. ಮನೆಯವರೆಲ್ಲಾ ಇನ್ನೇನು, ಮುಗೀತು ಅಂದ್ರು. ಮುಗಿದಿರಲಿಲ್ಲ. ನಾಲ್ಕು ವಾರ ಆದ ಮೇಲೆ ಮತ್ತೆ ಹಾಲು ಕುಡಿದು ನೋಡಲೇಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ರು. ತಾನಾಗೇ ವಾಸಿ ಆಗಿದ್ರೂ ಇರಬಹುದಲ್ಲ, ಹಾಗಿದ್ರೆ ಸುಮ್ಮನೆ ವರ್ಷಾನುಗಟ್ಟಲೆ ಯಾಕೆ ಬಿಡಬೇಕು? ಇದಕ್ಕೆ ಯಾರಿಗೂ ಮನಸ್ಸಿರಲಿಲ್ಲ. ವಾಸಿ ಆದ ಮಗುವಿಗೆ ಮತ್ತೆ ರಕ್ತ ಬರಿಸೋದಾ ಅಂತ ಅಮ್ಮ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಸಂಕ್ರಾಂತಿ ಕಳೆದ ಮೇಲೆ ಹಾಲು ಹಾಕಿದ ಕಾಫಿ ಕುಡಿದೆ. ಒಂದು ತಿಂಗಳಾದ ಮೇಲೆ ಕುಡಿದ ಕಾಫಿ, ರುಚಿ ಬಗ್ಗೆ ಸುಳ್ಳು ಹೇಳಲ್ಲ. ಮಾರನೇ ದಿನ ಏನಿಲ್ಲ. ಮೂರನೇ ದಿನ ಬೆಳಿಗ್ಗೆ ಬಟ್ಟೆ ಮೇಲೆ ಅದೇ ಕೆಂಪು ಎಳೆ. ಬೇಜಾರಾಯ್ತು, ಆದ್ರೆ ಊಹೆ ಹೋಗಿ ಖಾತ್ರಿ ಆಯ್ತು. ಕಾಫಿ ಮತ್ತೆ ಡಿಕಾಕ್ಷನ್ನಿಗೆ ಇಳೀತು.

(ಮೈಯೆಲ್ಲಾ ದದ್ದು ಏಳೋದು, ತುಟಿ ಊದೋದು, ಉಸಿರು ಸಿಕ್ಕಿಕೊಳ್ಳೋದು, ಮತ್ತೆ ಮತ್ತೆ ವಾಂತಿ, ತೂಕ ಏರದೆ ಇರೋದು, ಇವೆಲ್ಲಾ ಬೇರೆ ಕಥೆ. ಅಂಥ ಮಕ್ಕಳಿಗೆ ಮನೇಲಿ ಹೀಗೆ ಪರೀಕ್ಷೆ ಮಾಡಬಾರದು.)

ಬೇಸಿಗೆಗೆ ಬೆಂಗಳೂರಿಗೆ ಬಂದ್ವಿ. ಆರು ತಿಂಗಳಿಗೆ ನೀರಲ್ಲಿ ಕಾಯಿಸಿದ ರಾಗಿ ಸರಿ ಶುರು. ಅತ್ತೆ ಒಂದು ದಿನವೂ ಯಾಕೆ ಏನು ಅನ್ನದೆ ನನಗೆ ಬೇರೆ ಹುಳಿ, ಬೇರೆ ಪಲ್ಯ ಎತ್ತಿಟ್ಟು ಆಮೇಲೆ ಮಿಕ್ಕವರದ್ದಕ್ಕೆ ತುಪ್ಪದ ಒಗ್ಗರಣೆ ಹಾಕ್ತಿದ್ರು. ಊರಿಂದ ದಿನಾ ಫೋನು. ಮೊದಲು ಮಗು ಹೇಗಿದೆ ಅಂತ ಕೇಳ್ತಿದ್ದ ಅಜ್ಜಿ ಈಗ ನೇರವಾಗಿ "ಕಕ್ಕ ಹೆಂಗೈತೆ?" ಅಂತಲೇ ಕೇಳ್ತಿದ್ರು. ಇವರು ಆಫೀಸಿಂದ ಫೋನ್ ಮಾಡಿದ್ರೂ ಅದೇ ಪ್ರಶ್ನೆ. ಪಕ್ಕದಲ್ಲಿ ಕೂತವರು ಏನಂದುಕೊಂಡ್ರೋ.

ಹೆಚ್ಚಿನ ಮಕ್ಕಳಿಗೆ ಒಂದು ವರ್ಷದ ಹೊತ್ತಿಗೆ ಇದು ಹೋಗುತ್ತೆ ಅಂದಿದ್ರು ಡಾಕ್ಟರು. ೨೦೨೩ರ ಗೌರಿ ಗಣೇಶ ಹಬ್ಬ ಮುಗಿದ ವಾರ, ಮಗಳಿಗೆ ಹನ್ನೊಂದು ತಿಂಗಳು, ಮತ್ತೆ ಶುರು ಮಾಡಿದ್ವಿ. ಮೊದಲು ನಾನು. ಒಂದು ವಾರ ಹಾಲು ಕುಡಿದೆ, ಬಟ್ಟೆ ಸ್ವಚ್ಛ. ಆಮೇಲೆ ಅವಳಿಗೆ ಚೂರು ಬಿಸ್ಕತ್ತು, ಬೇಯಿಸಿದ್ರೆ ಹಾಲಿನ ಪ್ರೋಟೀನಿನ ಸ್ವರೂಪ ಬದಲಾಗುತ್ತೆ ಅಂತ ಅದರಿಂದ ಮೊದಲು. ಆಮೇಲೆ ಒಂದು ಚಮಚ ಮೊಸರನ್ನ, ಆಮೇಲೆ ಎರಡು. ಮುಖ ಸಿಂಡರಿಸಿದಳು, ಮತ್ತೆ ಬಾಯಿ ತೆಗೆದಳು.

ಆ ಭಾನುವಾರ ತೊಂಡೇಬಾವಿಯಿಂದ ಅಪ್ಪ ರೈಲಲ್ಲಿ ಬಂದ್ರು. ಕೈಯಲ್ಲಿ ಒಂದು ಲೀಟರ್ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಅಜ್ಜಿ ಕಾಯಿಸಿ ಕಳಿಸಿದ ತುಪ್ಪದ ಡಬ್ಬಿ. "ಡೈರಿಗೆ ಹಾಕ್ಲಿಲ್ಲ ಇವತ್ತು" ಅಂದ್ರು.