ಸೋಲಲ್ಲದ ‘ಸೋಲಾ’

ಇಪ್ಪತ್ತೊಂಬತ್ತು ವರ್ಷಗಳ ದಾಂಪತ್ಯದಲ್ಲಿ ಪ್ರಯಾಣದ ಟಿಕೆಟ್ಟನ್ನು ನಾನು ಒಮ್ಮೆಯೂ ಕೈಯಲ್ಲಿ ಹಿಡಿದವಳಲ್ಲ. ಅದು ನಮ್ಮ ಯಜಮಾನರ ಅಂಗಿಯ ಜೇಬಿಗೆ ಸೇರಿದ ಹಕ್ಕು. ಮೈಸೂರಿನಿಂದ ಬೆಂಗಳೂರಿಗೆ ಹೊರಟರೂ ಸರಿ, ಕಾಶಿಗೆ ಹೊರಟರೂ ಸರಿ, ಟಿಕೆಟ್ಟು ಅವರ ಜೇಬಿನಲ್ಲಿ, ತಿಂಡಿಯ ಡಬ್ಬಿ ನನ್ನ ಮಡಿಲಲ್ಲಿ. ಅಂಥ ನಾನು, ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ, ಮೆಕ್ಸಿಕೋ ನಗರದ ಬಸ್ ನಿಲ್ದಾಣದಲ್ಲಿ ಒಂದು ಶುಕ್ರವಾರ ರಾತ್ರಿ ಹನ್ನೊಂದು ಗಂಟೆಗೆ ಒಂದಲ್ಲ, ಎರಡು ಟಿಕೆಟ್ಟುಗಳನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆನೆಂದರೆ ಅದಕ್ಕೆ ಕಾರಣವನ್ನು ಹೇಳಲೇಬೇಕು.

ನನ್ನ ಮಗಳು ಅಲ್ಲಿಯ ಒಂದು ಕಂಪನಿಯಲ್ಲಿ ಇಂಜಿನಿಯರು. ಅವಳ ಮನೆಯಲ್ಲಿ ಎರಡು ತಿಂಗಳಿದ್ದು ಬರಲೆಂದು ಹೋಗಿದ್ದೆ. ಒಂದು ಶನಿವಾರ ಭಾನುವಾರ ಇಬ್ಬರೂ ವಹಾಕಾ ನಗರವನ್ನು ನೋಡಿಬರುವುದೆಂದು ಗೊತ್ತುಮಾಡಿ, ಹೋಗಿಬರುವ ಟಿಕೆಟ್ಟು, ಉಳಿಯುವ ಬಿಡಾರ ಎಲ್ಲವನ್ನೂ ಅವಳು ಏರ್ಪಡಿಸಿದ್ದಳು. ಹೊರಡುವ ದಿನ ಸಂಜೆ ಅವಳ ಕಚೇರಿಯಲ್ಲಿ ಏನೋ ಕೆಟ್ಟಿತು; ಎರಡು ದಿನ ಅಲ್ಲಿಂದ ಕದಲುವಂತಿಲ್ಲವೆಂದಾಯಿತು.

“ಹೋಗಲಿ ಬಿಡಮ್ಮ, ಇನ್ನೊಂದು ಸಲ ಹೋಗೋಣ. ದುಡ್ಡು ಹೋದರೆ ಹೋಯಿತು,” ಎಂದಳು.

ಕೊಟ್ಟ ದುಡ್ಡು ಸುಮ್ಮನೆ ಹೋಗುವುದನ್ನು ನೋಡಿ ಸಹಿಸುವ ಮನೆತನದಲ್ಲಿ ನಾನು ಹುಟ್ಟಿದವಳಲ್ಲ. “ನಾನೊಬ್ಬಳೇ ಹೋಗಿಬರುತ್ತೇನೆ,” ಎಂದು ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. ಆಡಿದ ಮೇಲೆ ಮಗಳು ತಡೆದಾಳೆಂದು ಕಾದೆ. ಅವಳು ತಡೆಯಲಿಲ್ಲ! ನಿಲ್ದಾಣದವರೆಗೆ ಬಂದು, ನಲ್ಲಿಯ ನೀರನ್ನು ಕುಡಿಯಬಾರದೆಂದು ಎಚ್ಚರಿಸಿ, ಮೂರು ಸ್ಪ್ಯಾನಿಷ್ ಮಾತುಗಳನ್ನು ಬಾಯಿಪಾಠ ಮಾಡಿಸಿ ಕಳುಹಿಸಿದಳು. ‘ನೋ ಕೋಮೋ ಕಾರ್ನೆ’ ಎಂದರೆ ಮಾಂಸ ತಿನ್ನುವುದಿಲ್ಲ. ‘ಕ್ವಾಂತೋ ಕ್ವೆಸ್ತಾ’ ಎಂದರೆ ಬೆಲೆಯೆಷ್ಟು. ‘ಗ್ರಾಸಿಯಾಸ್’ ಎಂದರೆ ವಂದನೆ. ನಾಲ್ಕನೆಯ ಮಾತನ್ನು ಆ ಊರೇ ನನಗೆ ಕಲಿಸಿತು.

ರಾತ್ರಿಯ ಪ್ರಯಾಣ ಸುಮಾರು ಏಳು ಗಂಟೆಯದು. ಪಕ್ಕದ ಖಾಲಿ ಆಸನದಲ್ಲಿ ಅವಲಕ್ಕಿಯ ಡಬ್ಬಿಯನ್ನು ಕೂರಿಸಿಕೊಂಡು, ಕಣ್ಣು ಮುಚ್ಚದೆ ಬೆಳಗು ಮಾಡಿದೆ.

ಈ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕಂಡು ‘ಓಕ್ಸಾಕಾ’ ಎಂದು ಓದಿದ್ದೆ. ಸ್ಪ್ಯಾನಿಷಿನ ಉಚ್ಚಾರದಲ್ಲಿ ಅದು ವಹಾಕಾ. ಸಮುದ್ರಮಟ್ಟದಿಂದ ಐದು ಸಾವಿರ ಅಡಿಗೂ ಎತ್ತರದಲ್ಲಿ, ಬೆಟ್ಟಗಳ ನಡುವಣ ಕಣಿವೆಯಲ್ಲಿ ಕುಳಿತ ಊರು. ಕಟ್ಟಡಗಳಿಗೆ ಎಳೆಹಸುರು ಛಾಯೆಯ ಕಲ್ಲು. ಗೋಡೆಗಳು ದಪ್ಪ, ಎತ್ತರ ಕಡಮೆ. ಭೂಕಂಪಗಳ ಸೀಮೆಯಲ್ಲಿ ಮನೆ ಕಟ್ಟುವವರು ಆಕಾಶಕ್ಕೆ ಆಸೆಪಡುವುದಿಲ್ಲ. ಈ ಹಳೆಯ ಊರನ್ನೂ ಸಮೀಪದ ಮೊಂತೆ ಅಲ್ಬಾನ್ ಬೆಟ್ಟವನ್ನೂ ೧೯೮೭ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದ್ದಾರೆ.

ಬಿಡಾರದ ಯಜಮಾನಿ ಬಾಗಿಲು ತೆರೆದವಳು ನನ್ನ ಮುಖವನ್ನು ನೋಡಿದಳು, ನನ್ನ ಬೆನ್ನ ಹಿಂದೆ ಇನ್ನೊಬ್ಬರಿಗಾಗಿ ನೋಡಿದಳು, ಬಳಿಕ ಕೇಳಿದಳು: “ಸೋಲಾ?”

ನನ್ನ ಎದೆ ಧಸಕ್ಕೆಂದಿತು. ಬಂದ ಮೊದಲ ಗಳಿಗೆಯಲ್ಲೇ, ಅದೂ ಕನ್ನಡದಲ್ಲಿ, ಇದೇನು ಪ್ರಶ್ನೆ! ‘ಸೋಲಾ’ ಎಂದರೆ ಅವರ ಭಾಷೆಯಲ್ಲಿ ‘ಒಬ್ಬಳೇ’ ಎಂದರ್ಥವೆಂದು ಅವಳು ಒಂದು ಬೆರಳನ್ನೆತ್ತಿ ತೋರಿಸಿದಾಗ ತಿಳಿಯಿತು. ತಿಳಿದರೂ ಚುಚ್ಚಿದ್ದು ಚುಚ್ಚಿಯೇ ಇತ್ತು. ಒಬ್ಬಳಾಗುವುದು ಸೋಲೆಂದೇ ಅಲ್ಲವೇ ಎರಡು ವರ್ಷಗಳಿಂದ ನಾನೂ ಬಗೆದಿದ್ದುದು? “ಮಗಳು ಮಾನ್ಯಾನಾ,” ಎಂದು, ಅಂದರೆ ನಾಳೆ ಬರುತ್ತಾಳೆಂದು, ಗೊತ್ತಿದ್ದ ಇನ್ನೊಂದು ಶಬ್ದವನ್ನು ಸೇರಿಸಿ ಸುಳ್ಳು ಹೇಳಿದೆ.

ಸ್ನಾನ ಮುಗಿಸಿ ಪೇಟೆಗೆ ಹೊರಟೆ. ಮೆಕ್ಸಿಕೋದ ಕ್ರಾಂತಿ ೧೯೧೦ರ ನವೆಂಬರ್ ಇಪ್ಪತ್ತರಂದು ಆರಂಭವಾಯಿತು. ಆ ದಿನಾಂಕವೇ ಅಲ್ಲಿಯ ಒಂದು ಮಾರುಕಟ್ಟೆಯ ಹೆಸರು. ಅದರ ಸುತ್ತಲ ಬೀದಿಗಳಲ್ಲಿ ಕೋಕೋ ಬೀಜ, ದಾಲ್ಚಿನ್ನಿ, ಬಾದಾಮಿ, ಸಕ್ಕರೆಗಳನ್ನು ಗಿರಣಿಯಲ್ಲಿ ಅರೆಯಿಸಿಕೊಂಡು ಹೋಗುವ ಗೃಹಿಣಿಯರನ್ನು ಕಂಡಾಗ ನಮ್ಮ ಹಿಟ್ಟಿನ ಗಿರಣಿಯ ಮುಂದಣ ಸಾಲು ನೆನಪಾಯಿತು, ಪರಿಮಳವೊಂದು ಬೇರೆ. ಒಂದು ಬುಟ್ಟಿಯಲ್ಲಿ ಕೆಂಪಗೆ ಹುರಿದ ಏನನ್ನೋ ಗೋಪುರದಂತೆ ಒಟ್ಟಿದ್ದರು. ಕಡಲೆಕಾಯಿಬೀಜವಿರಬೇಕೆಂದು ಕೈ ನೀಡಿದೆ. ಅದಕ್ಕೆ ಕಾಲುಗಳಿದ್ದವು! ಹುರಿದ ಮಿಡತೆ. ಅಂಗಡಿಯಾಕೆಗೆ ‘ನೋ ಕೋಮೋ ಕಾರ್ನೆ’ ಎಂದು ಮೊದಲ ಪಾಠವನ್ನು ಒಪ್ಪಿಸಿದೆ. ಅವಳು ಅಷ್ಟೇ ಮರ್ಯಾದೆಯಿಂದ, ಹಾಗಾದರೆ ಕೋಳಿ ಆದೀತೇ ಎಂದು ಪಕ್ಕದ ಅಂಗಡಿಯನ್ನು ತೋರಿಸಿದಳು. ಕಡೆಗೆ ದೊಡ್ಡ ಹಪ್ಪಳದಂಥ ಮುಸುಕಿನ ಜೋಳದ ರೊಟ್ಟಿ ‘ತ್ಲಾಯೂದಾ’ ದೊರೆಯಿತು. ಅದಕ್ಕೆ ಹಂದಿಯ ಕೊಬ್ಬು ಸವರುವುದು ವಾಡಿಕೆ. ಕೈಯನ್ನು ಅಡ್ಡ ಹಿಡಿದು ಅದನ್ನು ತಡೆದು, ಹುರುಳಿಕಾಯಿಯ ಜಾತಿಯ ಕರಿಯ ಕಾಳಿನ ಗೊಜ್ಜು, ಎಲೆಕೋಸು, ನೂಲಿನುಂಡೆಯಂತೆ ಸುತ್ತಿಟ್ಟ ಗಿಣ್ಣು ಇಷ್ಟನ್ನು ಹಾಕಿಸಿಕೊಂಡು ಉಂಡೆ. ಅಲ್ಲಿಯೂ “ಸೋಲಾ?” ಅಲ್ಲಿಯೂ ನನ್ನ ‘ಮಾನ್ಯಾನಾ’.

ಊರಿನ ಪೂರ್ತಿ ಹೆಸರು ವಹಾಕಾ ದೆ ಹ್ವಾರೆಸ್. ಬೆನಿತೋ ಹ್ವಾರೆಸನು ೧೮೦೬ರಲ್ಲಿ ಗ್ವೆಲತಾವೋ ಎಂಬ ಬೆಟ್ಟದ ಹಳ್ಳಿಯಲ್ಲಿ, ಸಪೊತೆಕ್ ಜನಾಂಗದಲ್ಲಿ ಹುಟ್ಟಿದವನು. ಮೂರು ವರ್ಷ ತುಂಬಿದಾಗ ತಂದೆತಾಯಿಗಳಿಬ್ಬರೂ ಇರಲಿಲ್ಲ. ಚಿಕ್ಕಪ್ಪನ ಕುರಿ ಕಾಯುತ್ತಿದ್ದ ಹುಡುಗ ೧೮೧೮ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಸುಮಾರು ಅರವತ್ತು ಕಿಲೋಮೀಟರು ದಾರಿಯನ್ನು ನಡೆದು ಈ ಊರಿಗೆ ಬಂದ. ಇಲ್ಲಿ ಅವನ ಅಕ್ಕ ಒಂದು ದೊಡ್ಡ ಮನೆಯಲ್ಲಿ ಅಡಿಗೆಯವಳು. ಅವನಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಒಬ್ಬ ಧರ್ಮಿಷ್ಠರು ಅವನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದರು. ಮುಂದೆ ಅವನು ವಕೀಲನಾದ. ಅಕ್ಕ ಅಡಿಗೆ ಮಾಡುತ್ತಿದ್ದ ಆ ಮನೆಯ ಮಗಳನ್ನೇ ಮದುವೆಯಾದ. ೧೮೫೮ರಲ್ಲಿ ದೇಶದ ಅಧ್ಯಕ್ಷನಾದ. ರಟ್ಟು ಕಟ್ಟುವವರ ಆ ಮನೆ ಈಗ ವಸ್ತುಸಂಗ್ರಹಾಲಯ. ಅದರ ಅಂಗಳದಲ್ಲಿ ನಿಂತು, ಭಾಷೆ ಬಾರದೆ, ಕಾಲುದಾರಿಯಲ್ಲಿ ಈ ಊರನ್ನು ಹೊಕ್ಕ ಆ ಹುಡುಗನನ್ನು ನೆನೆದಾಗ, ಮೆತ್ತನೆಯ ಆಸನದ ಬಸ್ಸಿನಲ್ಲಿ ಅವಲಕ್ಕಿಯ ಸಮೇತ ಬಂದಿಳಿದ ನನಗೆ ಸ್ವಲ್ಪ ನಾಚಿಕೆಯಾಯಿತು.

ಅಲ್ಲಿಂದ ಸಾಂತೋ ದೊಮಿಂಗೊ ದೇವಾಲಯಕ್ಕೆ ನಡೆದೆ. ಒಳಹೊಕ್ಕು ತಲೆಯೆತ್ತಿದರೆ ಚಾವಣಿಯ ಗಾರೆಯಲ್ಲಿ ಸಂತನ ವಂಶವೃಕ್ಷ. ದ್ರಾಕ್ಷಿಯ ಬಳ್ಳಿಯ ಕೊಂಬೆಕೊಂಬೆಗೂ ಒಂದೊಂದು ಮುಖ. ಎಲ್ಲೆಲ್ಲೂ ಹೊನ್ನಿನ ಲೇಪ. ಒಂದು ಕಾಲದಲ್ಲಿ ಇದರ ಮಠದ ಭಾಗದಲ್ಲಿ ಸೈನಿಕರು ಬೀಡುಬಿಟ್ಟಿದ್ದರು. ಅವರು ತೆರಳಿದ ಮೇಲೆ ಆ ಜಾಗ ವ್ಯಾಪಾರದ ಪಾಲಾಗದಂತೆ ಹೋರಾಡಿದವರಲ್ಲಿ ಚಿತ್ರಕಾರ ಫ್ರಾನ್ಸಿಸ್ಕೋ ತೊಲೆದೋ ಪ್ರಮುಖರು. ಈಗ ಅಲ್ಲಿ ವಸ್ತುಸಂಗ್ರಹಾಲಯವೂ ಆ ಪ್ರಾಂತದ ಗಿಡಮರಗಳ ತೋಟವೂ ಇವೆ. ೨೦೦೨ರಲ್ಲಿ ಊರ ನಡುವಣ ಚೌಕದಲ್ಲಿ ಅಮೆರಿಕದ ತಿಂಡಿಯಂಗಡಿಯೊಂದು ಬರುವುದನ್ನು ಈ ತೊಲೆದೋ ವಿರೋಧಿಸಿದ ಬಗೆ ನನಗೆ ತುಂಬ ಮೆಚ್ಚಿಗೆಯಾಯಿತು: ಬಂದವರಿಗೆಲ್ಲ ಜೋಳದ ಕಡುಬನ್ನು ಹಂಚಿದರಂತೆ! ಅಂಗಡಿಗೆ ಅನುಮತಿ ಸಿಕ್ಕಲಿಲ್ಲ. ಅವರು ೨೦೧೯ರಲ್ಲಿ ತೀರಿಕೊಂಡರು.

ಮಧ್ಯಾಹ್ನ ಮೊಂತೆ ಅಲ್ಬಾನ್. ಕಣಿವೆಯಿಂದ ನಾನ್ನೂರು ಮೀಟರು ಮೇಲೆ, ಬೆಟ್ಟದ ತಲೆಯನ್ನೇ ಸಮತಟ್ಟು ಮಾಡಿ, ಕ್ರಿಸ್ತಪೂರ್ವ ೫೦೦ರ ಸುಮಾರಿನಲ್ಲಿ ಸಪೊತೆಕರು ಕಟ್ಟತೊಡಗಿದ ನಗರ. ಸಾವಿರಕ್ಕೂ ಮೀರಿದ ವರ್ಷ ಬಾಳಿ ಅದು ಬರಿದಾಯಿತು. ಅಲ್ಲಿಯ ಕಲ್ಲುಗಳಲ್ಲಿ ಕೈಕಾಲು ತಿರುಚಿದ ಮನುಷ್ಯರ ಕೆತ್ತನೆಗಳಿವೆ. ಮೊದಲು ಕಂಡವರು ಅವರನ್ನು ನರ್ತಕರೆಂದು ಕರೆದರು. ಕೊಲ್ಲಲ್ಪಟ್ಟ ಸೆರೆಯಾಳುಗಳೆಂದು ಈಗಿನ ವಿದ್ವಾಂಸರ ಅಭಿಪ್ರಾಯ. ಹೊರಗಿನಿಂದ ನೋಡಿದವರಿಗೆ ನೋವೂ ಕುಣಿತದಂತೆ ಕಾಣಬಹುದೆಂದುಕೊಳ್ಳುತ್ತ, ದಕ್ಷಿಣದ ವೇದಿಕೆಯ ಕಡಿದಾದ ಮೆಟ್ಟಿಲುಗಳನ್ನು ಹತ್ತಿದೆ. ತುದಿಯಲ್ಲಿ ನಿಂತಾಗ ಕೆಳಗೆ ಆ ವಿಶಾಲವಾದ ಬಯಲು, ಸುತ್ತ ಮೂರು ಕಣಿವೆಗಳು, ಮೋಡದ ನೆರಳು. “ನೋಡಿದಿರಾ?” ಎಂದು ಎಡಕ್ಕೆ ತಿರುಗಿದೆ.

ಎಡಗಡೆಯಲ್ಲಿ ಯಾರೂ ಇರಲಿಲ್ಲ.

ಅಲ್ಲಿಯೇ ಕಲ್ಲಿನ ಮೇಲೆ ಕುಳಿತು ಅತ್ತೆ. ಓದುಗರು ಇದನ್ನು ದುಃಖದ ಮಾತೆಂದು ತಿಳಿಯಬಾರದು. ಅವರು ಹೋದಂದಿನಿಂದ ನನ್ನನ್ನು ಒಬ್ಬಳನ್ನಾಗಿ ಬಿಡಬಾರದೆಂದು ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಅಕ್ಕ ಬಂದಳು, ನಾದಿನಿ ಬಂದಳು, ನೆರೆಯವರು ಬಂದರು. ಕಣ್ಣೊದ್ದೆಯಾದರೆ ಒಬ್ಬರು ಕಾಫಿ ತರುತ್ತಿದ್ದರು, ಇನ್ನೊಬ್ಬರು ವೇದಾಂತ ಹೇಳುತ್ತಿದ್ದರು. ಅವರ ಪ್ರೀತಿಗೆ ಕೊರತೆಯಿರಲಿಲ್ಲ. ನನ್ನ ಅಳುವಿಗೆ ಎಡೆಯಿರಲಿಲ್ಲ. ಎರಡು ವರ್ಷ ಸಿಕ್ಕದ ಬಿಡುವು ಪರದೇಶದ ಆ ಬೆಟ್ಟದ ಮೇಲೆ ಸಿಕ್ಕಿತು. ಕಂಡದ್ದನ್ನೆಲ್ಲ ಅವರಿಗೆ ಕನ್ನಡದಲ್ಲಿ, ಗಟ್ಟಿಯಾಗಿಯೇ ಹೇಳಿದೆ. ಮಿಡತೆಯ ಪ್ರಸಂಗಕ್ಕೆ ಬರುವ ಹೊತ್ತಿಗೆ ನನಗೇ ನಗು ಬಂದಿತು.

ಸಂಜೆ ಊರಿಗೆ ಮರಳಿದಾಗ ದೇವಾಲಯದ ಮುಂದೆ ಒಂದು ಮದುವೆಯ ದಿಬ್ಬಣ. ತುತ್ತೂರಿ, ಡೋಲು, ಆಳಿಗಿಂತ ಎರಡರಷ್ಟು ಎತ್ತರದ ಕಾಗದದ ಗೊಂಬೆಗಳನ್ನು ಹೊತ್ತು ಗಿರಗಿರನೆ ತಿರುಗುವ ತರುಣರು, ತಲೆಯ ಮೇಲೆ ಹೂವಿನ ಬುಟ್ಟಿಯಿಟ್ಟುಕೊಂಡು ಕುಣಿಯುವ ಹೆಂಗಸರು. ಬೀದಿಯ ಅಂಚಿನಲ್ಲಿ ನಿಂತಿದ್ದೆ. ಹುಡುಗಿಯೊಬ್ಬಳು ನನ್ನ ಸೀರೆಯ ಸೆರಗನ್ನು ಮುಟ್ಟಿ ನೋಡಿ, ಸಂತೋಷಪಟ್ಟು, ಕೈಹಿಡಿದು ಒಳಕ್ಕೆಳೆದುಬಿಟ್ಟಳು. ಸ್ವಂತ ಮಗಳ ಆರತಕ್ಷತೆಯಲ್ಲಿಯೂ ಕುಣಿಯದ ನಾನು, ಹೆಸರರಿಯದ ವಧೂವರರ ಮುಂದೆ ಎರಡು ಬೀದಿಯುದ್ದಕ್ಕೂ ಹೆಜ್ಜೆ ಹಾಕಿದೆ. ಆ ಗದ್ದಲದಲ್ಲಿ ‘ಸೋಲಾ?’ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಭಾನುವಾರ, ಊರಿಗೆ ಮೂವತ್ತು ಕಿಲೋಮೀಟರು ದೂರದ ತ್ಲಾಕೊಲೂಲಾದ ಸಂತೆ. ಬಾಡಿಗೆಯ ಕಾರಿನಲ್ಲಿ ಅಪರಿಚಿತರೊಡನೆ ಒತ್ತಿಕೊಂಡು ಕುಳಿತೆ. ಒಬ್ಬಾಕೆಯ ಮಡಿಲಲ್ಲಿ ಜೀವಂತ ಟರ್ಕಿ ಕೋಳಿಯಿತ್ತು. ದಾರಿಯ ಎಲ್ ತೂಲೆಯ ಮಹಾವೃಕ್ಷವನ್ನು ಕಾರಿನ ಕಿಟಕಿಯಿಂದಲೇ ಕಂಡೆ. ೨೦೦೫ರಲ್ಲಿ ಅದರ ಬುಡದ ಸುತ್ತಳತೆ ೪೨ ಮೀಟರೆಂದು ಅಳೆದಿದ್ದಾರೆ. ಸಂತೆಯಲ್ಲಿ ಒಣಮೆಣಸಿನಕಾಯಿಯ ರಾಶಿಗಳನ್ನು ನೋಡಿದಾಗ ತವರಿಗೆ ಬಂದಂತಾಯಿತು. ನಿಜಕ್ಕೂ ಇದು ಮೆಣಸಿನಕಾಯಿಯ ತವರೇ. ಪೋರ್ಚುಗೀಸರು ಬರುವವರೆಗೆ ನಮ್ಮ ಸಾರಿಗೆ ಕರಿಮೆಣಸೇ ಗತಿ. ಇನ್ನೊಂದು ಮೂಲೆಯಲ್ಲಿ ನಮ್ಮ ಸಪೋಟ ಹಣ್ಣು! ಅಲ್ಲಿ ಅದರ ಹೆಸರು ‘ಚಿಕೊಸಪೋತೆ’. ನಾವು ಚಿಕ್ಕು ಎನ್ನುವುದೂ ಸಪೋಟ ಎನ್ನುವುದೂ ಆ ಒಂದೇ ಹೆಸರಿನ ಎರಡು ತುಂಡುಗಳು. ಸಪೊತೆಕರೆಂಬ ಹೆಸರಿಗೂ ಆ ಹಣ್ಣಿನ ನಾಡಿನವರೆಂದೇ ಅರ್ಥ. ನಮ್ಮ ಹಿತ್ತಿಲ ಮರದ ನೆಂಟರ ಮನೆಗೆ ತಿಳಿಯದೆಯೇ ಬಂದಿದ್ದೆ.

ಬಿಸಿಲೇರಿತು. ಅರಿವೆಯ ನೆರಳಿನಲ್ಲಿ ಒಬ್ಬ ಮುದುಕಿ ದೊಡ್ಡ ಹರಿವಾಣದ ಮುಂದೆ ಕುಳಿತು, ಮೊಳಕೈವರೆಗೆ ಅದ್ದಿ ‘ತೆಹಾತೆ’ ಎಂಬ ಪಾನಕವನ್ನು ಕಲಸುತ್ತಿದ್ದಳು. ಮುಸುಕಿನ ಜೋಳ, ಕೋಕೋ, ಮಮೇ ಎಂಬ ಹಣ್ಣಿನ ಬೀಜ, ಒಂದು ಬಗೆಯ ಸುಗಂಧದ ಹೂವು ಇವನ್ನು ಅರೆದು ತಣ್ಣೀರಿನಲ್ಲಿ ಕದಡಿದರೆ ಬೆಣ್ಣೆಯಂಥ ನೊರೆ ತೇಲುತ್ತದೆ. ಬಣ್ಣದ ಚಿತ್ತಾರ ಬರೆದ ಬುರುಡೆಯ ಬಟ್ಟಲಲ್ಲಿ ನನಗೆ ಕೊಟ್ಟು, ಅವಳೂ ಕೇಳಿದಳು: “ಸೋಲಾ?”

ನೀರಿನ ವಿಷಯದಲ್ಲಿ ಮಗಳು ಹೇಳಿದ್ದು ನೆನಪಿಗೆ ಬಂತು, ಅದನ್ನು ಬದಿಗಿಟ್ಟೆ. ಸುಳ್ಳೂ ನಾಲಗೆಯ ತುದಿಗೆ ಬಂದಿತ್ತು, ಅದನ್ನೂ ಬದಿಗಿಟ್ಟೆ. “ಸೀ, ಸೋಲಾ,” ಎಂದೆ. ಹೌದು, ಒಬ್ಬಳೇ.

ಅವಳು ತನ್ನ ಎದೆಯ ಮೇಲೆ ಕೈಯಿಟ್ಟು, ಒಂದು ಬೆರಳನ್ನೆತ್ತಿ ತೋರಿಸಿ, ನಕ್ಕಳು. ನನ್ನ ಬಟ್ಟಲಿಗೆ ಇನ್ನೊಂದಿಷ್ಟು ನೊರೆಯನ್ನು ಸುರಿದಳು. ಅದಕ್ಕೆ ಬೆಲೆ ತೆಗೆದುಕೊಳ್ಳಲಿಲ್ಲ.

ಸೋಮವಾರ ನಸುಕಿನಲ್ಲಿ ಬಸ್ಸಿಳಿದಾಗ ಮಗಳು ನಿಲ್ದಾಣದಲ್ಲಿ ಕಾಯುತ್ತಿದ್ದಳು. ಕಣ್ಣು ಕೆಂಪಾಗಿತ್ತು, ಪಾಪ, ಅವಳಿಗೂ ನಿದ್ದೆಯಿರಲಿಲ್ಲ. “ಹೊಟ್ಟೆ ಸರಿಯಾಗಿದೆಯೇನಮ್ಮ? ಒಬ್ಬಳಿಗೇ ಬೇಜಾರಾಗಲಿಲ್ಲವೇ? ಮುಂದಿನ ತಿಂಗಳು ರಜಾ ಹಾಕಿ ನಾನೇ ನಿನ್ನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುತ್ತೇನೆ,” ಎಂದು ನನ್ನ ಚೀಲಕ್ಕೆ ಕೈಹಾಕಿದಳು.

“ಹೊಟ್ಟೆ ಚೆನ್ನಾಗಿದೆ. ಧಾರಾಳವಾಗಿ ಬಾ,” ಎಂದೆ. “ಆದರೆ ನಿನ್ನ ಟಿಕೆಟ್ಟನ್ನು ನೀನು ಹಿಡಿದುಕೋ. ನನ್ನದು ನನ್ನ ಕೈಯಲ್ಲಿರಲಿ.”