ಚೆಂಡಿಲ್ಲದ ಫೋಟೋಗಳು

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಆಫೀಸಿನಲ್ಲಿ ರಿಲೀಸ್ ಇತ್ತು ಅನ್ನೋದು ಎಂದಿನ ನೆಪ. ನಿಜ ಹೇಳಬೇಕಂದ್ರೆ ಒಂದು ಕ್ಯಾಮೆರಾ ತಗೊಂಡಿದ್ದೀನಿ. ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ, ಅದರ ಜೊತೆಗೇ ಬರುವ 18-55 ಲೆನ್ಸು. ಮೊದಲ ತಿಂಗಳು ಎಲ್ಲರಂತೆ ಹೂವು, ಮಳೆಹನಿ ಕೂತ ಎಲೆ, ಪಕ್ಕದ ಮನೆ ಬೆಕ್ಕು. ಅವೆಲ್ಲ ಪಾಪ, ಅಲ್ಲಾಡದೆ ನಿಂತುಕೊಳ್ಳುತ್ತವೆ. (ಬೆಕ್ಕು ಬಿಟ್ಟು.) ಆಮೇಲೆ ಊರಿಗೆ ಹೋದಾಗ ಹುಡುಗರ ವಾಲಿಬಾಲ್ ಕಣ್ಣಿಗೆ ಬಿತ್ತು ನೋಡಿ, ಅಲ್ಲಿಂದ ಶುರುವಾಯ್ತು ಗ್ರಹಚಾರ.

ನಮ್ಮೂರು ಕೈವಾರ, ಚಿಂತಾಮಣಿ ತಾಲ್ಲೂಕು. ತಾತಯ್ಯನವರ ಊರು ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಅಂತ ಹಿರಿಯರು ಹೇಳ್ತಾರೆ. ಬೆಟ್ಟದ ಕಡೆ ಮುಖ ಮಾಡಿ ಕೂತರೆ ಫೋಟೋಗೆ ಚೆಂದದ ಹಿನ್ನೆಲೆ. ಸ್ವಲ್ಪ ಆ ಕಡೆ ತಿರುಗಿದರೆ ಸಾಲಾಗಿ ನಿಂತ ಬೈಕುಗಳು, ಕರೆಂಟು ಕಂಬ, ಮೇಯುವ ಎರಡು ಮೇಕೆ. ಮೊದಲ ಭಾನುವಾರ ನಾನು ಕೂತಿದ್ದು ಆ ಕಡೆ ತಿರುಗಿಯೇ!

ಅವತ್ತು 412 ಫೋಟೋ ತೆಗೆದೆ. ಚೆಂಡು ಇದ್ದಿದ್ದು ಒಂಬತ್ತರಲ್ಲಿ. ಆಟೋ ಮೋಡಿನಲ್ಲಿ ಕ್ಯಾಮೆರಾ ತನ್ನಷ್ಟಕ್ಕೆ ಸೆಕೆಂಡಿನ 1/60 ಶಟರ್ ಇಟ್ಟುಕೊಂಡಿತ್ತು. ಆರು ಮೀಟರ್ ವೇಗದಲ್ಲಿ ಓಡುವವನು ಅಷ್ಟರಲ್ಲಿ ಹತ್ತು ಸೆಂಟಿಮೀಟರ್ ಸರಿದಿರುತ್ತಾನೆ. ಹೊಡೆಯುವ ಕೈಯಂತೂ ಫ್ಯಾನಿನ ರೆಕ್ಕೆ ಥರ ಮಾಯ. 1/500 ಇಟ್ಟರೆ ಅದೇ ಹತ್ತು ಸೆಂಟಿಮೀಟರ್ ಒಂದೂಕಾಲಕ್ಕಿಳಿಯುತ್ತೆ. ಇಂಜಿನಿಯರಿಂಗ್ ಓದಿದ್ದು ಇಷ್ಟಕ್ಕಾದರೂ ಉಪಯೋಗ ಆಯ್ತಲ್ಲ ಅಂದುಕೊಂಡೆ.

ಮುಂದಿನ ವಾರ ಶಟರ್ ಸರಿಮಾಡಿಕೊಂಡು ಹೋದೆ. ಬಟನ್ ಒತ್ತಿ ಹಿಡಿದರೆ ಸರಸರ ಅಂತ ಬೀಳುತ್ತೆ, ಒಂದಾದರೂ ಸಿಗುತ್ತೆ ಅನ್ನೋ ಲೆಕ್ಕಾಚಾರ. ಆದರೆ ನನ್ನ ಕ್ಯಾಮೆರಾ ಸೆಕೆಂಡಿಗೆ ಮೂರೇ ಫೋಟೋ ತೆಗೆಯೋದು. ಜೋರಾಗಿ ಹೊಡೆದ ಚೆಂಡು ಸೆಕೆಂಡಿಗೆ ಇಪ್ಪತ್ತು ಮೀಟರ್ ಹೋದರೂ ಎರಡು ಫೋಟೋ ನಡುವೆ ಆರೂವರೆ ಮೀಟರ್ ದಾಟಿಬಿಟ್ಟಿರುತ್ತೆ. ಅಂಕಣದ ಒಂದು ಪಾಲೇ ಒಂಬತ್ತು ಮೀಟರ್! ಒಂದು ಫೋಟೋದಲ್ಲಿ ಹುಡುಗ ಕೈ ಎತ್ತಿದ್ದಾನೆ, ಮುಂದಿನದರಲ್ಲಿ ಆ ಕಡೆಯವರು ನೆಲಕ್ಕೆ ಬಿದ್ದಿದ್ದಾರೆ. ನಡುವೆ ನಡೆದದ್ದು ದೇವರಿಗೇ ಗೊತ್ತು.

ಆಗ ಹಿಂದಿನಿಂದ ಅಪ್ಪನ ದನಿ ಬಂತು. "ಚೆಂಡಿನ ಹಿಂದೆ ಯಾಕೋ ಓಡ್ತೀಯ?"

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ರೇಷ್ಮೆ ಬೆಳೆಗಾರ, ಗೂಡು ಹಾಕೋದು ಶಿಡ್ಲಘಟ್ಟದ ಮಾರುಕಟ್ಟೆಗೆ. ವಯಸ್ಸಿನಲ್ಲಿ ವಾಲಿಬಾಲ್ ಆಡ್ತಿದ್ದರಂತೆ, ಈಗ ಎರಡೂ ಮಂಡಿ ಹೋಗಿವೆ. ನಾನು ಬೆಂಗಳೂರು ಸೇರಿದ ಮೇಲೆ ನಮ್ಮಿಬ್ಬರ ಮಾತು ಅಂದ್ರೆ ಊಟ ಆಯ್ತಾ, ಮಳೆ ಬಂತಾ, ಫೋನು ಅಮ್ಮನಿಗೆ ಕೊಡಲಾ, ಇಷ್ಟೇ. ಜಗಳ ಏನಿಲ್ಲ, ಮಾತಾಡೋಕೆ ವಿಷಯ ಇರಲಿಲ್ಲ. ಅವರಿಗೆ ಸರ್ವರ್ ಅಂದ್ರೆ ಹೋಟೆಲಿನವನು, ನನಗೆ ಹಿಪ್ಪುನೇರಳೆ ತಳಿಗಳ ಹೆಸರು ನೆನಪಿರೋದಿಲ್ಲ.

ಕೋಲೂರಿಕೊಂಡು ಬಂದು ಪಕ್ಕದ ಕಲ್ಲಿನ ಮೇಲೆ ಕೂತರು. "ಎತ್ತಿಕೊಡೋನ ಬೆರಳು ನೋಡು. ಯಾರಿಗೆ ಕೊಡ್ತಾನೆ ಅಂತ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಹೊಡೆಯೋನ ಮೊಣಕೈ. ಅದು ಹಿಂದಕ್ಕೆ ಹೋದಾಗ ಒತ್ತು." ಚೆಂಡಿಗೆ ಕೈ ತಾಗಿದ್ದನ್ನು ಕಂಡು ಒತ್ತಿದರೆ ತಡ. ಕಣ್ಣಿನಿಂದ ಬೆರಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಪಾಲು ಕಳೆದಿರುತ್ತೆ. ಈ ಲೆಕ್ಕ ಅಪ್ಪನಿಗೆ ಬೇಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವರೇ "ಈಗ" ಅನ್ನೋಕೆ ಶುರು ಮಾಡಿದರು. ಈಗ. ಈಗ. ಬೇಡ, ಅವನು ಸುಮ್ನೆ ತಳ್ತಾನೆ. ಈಗ. ನಾನು ಒಂದೊಂದೇ ಒತ್ತಿದೆ. ಹಾರಿದವನು ತುತ್ತತುದಿಯಲ್ಲಿ ಒಂದು ಕ್ಷಣ ನಿಂತ ಹಾಗಿರ್ತಾನೆ. ನಿಂತ ಜಿಗಿತದ ಕೊನೆಯ ಹತ್ತು ಸೆಂಟಿಮೀಟರ್ ಹತ್ತಿ ಇಳಿಯೋಕೆ ಸೆಕೆಂಡಿನ ಕಾಲುಭಾಗಕ್ಕಿಂತ ಹೆಚ್ಚು ಹಿಡಿಯುತ್ತೆ. ಅಲ್ಲಿ ಸಿಕ್ಕಿಬಿಟ್ಟರೆ ಮುಖವಾದರೂ ಕಲಸುವುದಿಲ್ಲ. ನೆಲಕ್ಕೆ ಅಂಟಿ ಕೂತು ತೆಗೆದರೆ ಒಂದಡಿ ಹಾರಿದವನೂ ಬೆಟ್ಟದೆತ್ತರ ಹಾರಿದ ಹಾಗೆ ಕಾಣುತ್ತಾನೆ. (ಹುಡುಗರಿಗೆ ಈ ಗುಟ್ಟು ಹೇಳಿಲ್ಲ.)

ಆರು ಗಂಟೆ ಮೇಲೆ ಬೆಳಕು ಕೈಕೊಟ್ಟಿತು. 55ರಲ್ಲಿ ಈ ಲೆನ್ಸಿನ ಕಿಂಡಿ 5.6ಕ್ಕಿಂತ ತೆರೆಯೋದಿಲ್ಲ. ಐಎಸ್ಒ 3200 ಅಂದ್ರೆ ಮುಖದ ಮೇಲೆ ರವೆ ಉದುರಿಸಿದ ಹಾಗೆ. ಮೂರನೇ ವಾರ ಸಹೋದ್ಯೋಗಿಯೊಬ್ಬನಿಂದ 50 ಎಂಎಂ 1.8 ಲೆನ್ಸು ಬೇಡಿ ತಂದೆ. ಸುಮಾರು ಹತ್ತುಪಟ್ಟು ಬೆಳಕು ಒಳಗೆ ಬರುತ್ತೆ. ಹೊಸಬರು ಯಾರಾದರೂ ಕೇಳಿದರೆ ದೊಡ್ಡ ಜೂಮಿಗೆ ಸಾಲ ಮಾಡಬೇಡಿ, ಮೊದಲು ಇದನ್ನು ತಗೊಳ್ಳಿ ಅಂತೀನಿ. ದೂರದ್ದು ಸಿಗೋದಿಲ್ಲ, ನಿಜ. ಊರಿನ ವಾಲಿಬಾಲಿಗೆ ದೂರ ಯಾಕೆ? ಗೆರೆ ಪಕ್ಕದಲ್ಲೇ ಕೂತರಾಯ್ತು.

ಹುಡುಗರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ನನಗೆ ಬಹಳ ಇಷ್ಟವಾದದ್ದು ಸಂಜೆ ಬೆಳಕಿನ ಧೂಳಿನಲ್ಲಿ ಬರೀ ಕಾಲುಗಳು ಇರೋದು. ಒಬ್ಬನೂ ಮುಟ್ಟಲಿಲ್ಲ. ಮುಖ ಸ್ಪಷ್ಟ ಇರೋದನ್ನೇ ಎಲ್ಲರೂ ಡಿಪಿ ಮಾಡಿಕೊಂಡರು. ಅವರೇ ಸರಿ ಇರಬಹುದು.

ರಾತ್ರಿ ಅಪ್ಪ ಲ್ಯಾಪ್‌ಟಾಪಿನ ಮುಂದೆ ಕೂತರು. ಒಂದು ಫೋಟೋ ಬಂದಾಗ "ನಿಲ್ಲಿಸು" ಅಂದರು. ಎಡಗೈ ಹುಡುಗ, ಪೂರ್ತಿ ಹಾರಿದ್ದಾನೆ, ಚೆಂಡು ಫ್ರೇಮಿನಲ್ಲೇ ಇಲ್ಲ. ನಾನು ಅಳಿಸಬೇಕು ಅಂತಿದ್ದದ್ದು. "ಇರಲಿ. ಮೈ ಬಿಲ್ಲಿನ ಹಾಗೆ ಬಾಗಿದೆ ನೋಡು." ಆಮೇಲೆ ಎದ್ದು ಹೋಗಿ ಟ್ರಂಕಿನ ಮುಚ್ಚಳ ತೆಗೆದು ತೋರಿಸಿದರು. ಒಳಗಡೆ ಅಂಟಿಸಿದ ಹಳದಿ ಪೇಪರಿನ ಚೂರು, ಜಿಮ್ಮಿ ಜಾರ್ಜ್ ಹೊಡೆಯುತ್ತಿರೋದು. 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಮಗೆ ಕಂಚು ಬಂದಾಗಿನದಂತೆ. ಮುಂದಿನ ವರ್ಷವೇ ಇಟಲಿಯಲ್ಲಿ ಕಾರು ಅಪಘಾತದಲ್ಲಿ ಆತ ತೀರಿಹೋದ ಅಂತ ಹೇಳಿ ಸುಮ್ಮನಾದರು. ಆ ಟ್ರಂಕು ನಾನು ಹುಟ್ಟಿದಾಗಿನಿಂದ ಮನೆಯಲ್ಲೇ ಇದೆ. ಮುಚ್ಚಳದ ಒಳಗೆ ಯಾವತ್ತೂ ನೋಡಿರಲಿಲ್ಲ.

"ನಿಮ್ಮದು?" ಅಂದೆ.

"ನಮ್ಮದು ಯಾರು ತೆಗೀತಾರೆ? ಸ್ಟುಡಿಯೋದವನು ಬರ್ತಿದ್ದದ್ದು ಮದುವೆಗೆ. ರೀಲಿನಲ್ಲಿ ಮೂವತ್ತಾರೇ ಫೋಟೋ, ಅದರಲ್ಲಿ ಬೀಗರೇ ಮೂವತ್ತು."

ಅಪ್ಪ ಹೇಗೆ ಹಾರ್ತಿದ್ದರು ಅಂತ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗೋದೂ ಇಲ್ಲ. ಎಡಗೈ ಹುಡುಗನ ಫೋಟೋ ಮಾತ್ರ ಚಿಂತಾಮಣಿಯಲ್ಲಿ ಪ್ರಿಂಟ್ ಹಾಕಿಸಿ ತಂದೆ. ಒಂದು ಅವನಿಗೆ, ಒಂದು ಟ್ರಂಕಿಗೆ.

ನಿನ್ನೆ ರಾತ್ರಿ ಫೋನ್ ಬಂತು. ಊಟ ಆಯ್ತಾ ಅಂತ ಕೇಳಲಿಲ್ಲ. ಭಾನುವಾರ ಪಕ್ಕದ ಊರಿನವರು ಆಡೋಕೆ ಬರ್ತಾರಂತೆ, ಬ್ಯಾಟರಿ ಚಾರ್ಜ್ ಮಾಡ್ಕೊಂಡು ಬಾ ಅಂದರು.